ಸ್ಟಾರ್ ಟ್ರೆಕ್ ಎರಡನೇ ಸೀಸನ್ ಡಿವಿಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಪಾಟಿನಲ್ಲಿ ಹಳೆಯ ಡಿವಿಡಿಗಳಿವೆ ಅಂತ ಗೊತ್ತಾದ ಮೇಲೆ ಕೇಳುವವರು ಜಾಸ್ತಿಯಾದರು. ಗೆಳೆಯರು ಕೇಳುತ್ತಾರೆ, ಅವರ ಮಕ್ಕಳು ಕೇಳುತ್ತಾರೆ. ಅಮೆರಿಕದಿಂದ ಬರುವ ನೆಂಟರು "ಬರುವಾಗ ಯಾವ ಸೆಟ್ ತರಲಿ" ಅಂತ ಬರೆದು ಕೇಳುತ್ತಾರೆ. ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು ಬರುತ್ತವೆ. ಸರಣಿಯನ್ನು ಅರೆದು ಕುಡಿದವರ ಪ್ರಶ್ನೆಗಳು ಕೊನೆಯಲ್ಲಿವೆ.

## ಹೊಸಬರಿಗೆ

ಸ್ಟಾರ್ ಟ್ರೆಕ್ ಅಂತ ಹತ್ತಾರು ಇವೆಯಲ್ಲ, ನೀವು ಹೇಳ್ತಿರೋದು ಯಾವುದು?

ಎಲ್ಲಕ್ಕಿಂತ ಮೊದಲು ಬಂದದ್ದು. ಜೀನ್ ರಾಡನ್‌ಬೆರಿ ಹುಟ್ಟುಹಾಕಿದ ಸರಣಿ, 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಯಿತು. ಎಂಟರ್‌ಪ್ರೈಸ್ ಅನ್ನುವ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಕರ್ಕ್ ಆಗಿ ವಿಲಿಯಂ ಶಾಟ್ನರ್, ಚೂಪು ಕಿವಿಯ ಸ್ಪಾಕ್ ಆಗಿ ಲೆನರ್ಡ್ ನಿಮಾಯ್, ಡಾಕ್ಟರ್ ಮೆಕಾಯ್ ಆಗಿ ಡಿಫಾರೆಸ್ಟ್ ಕೆಲ್ಲಿ. ಮೂರು ಸೀಸನ್, ಒಟ್ಟು 79 ಕಂತು. ಬೋಳು ತಲೆಯ ಕ್ಯಾಪ್ಟನ್ ಇರುವುದು 1987ರ ಸರಣಿಯಲ್ಲಿ. ಅದು ಬೇರೆ.

ಮೊದಲನೇ ಸೀಸನ್ ನೋಡದೆ ಸೀದಾ ಎರಡನೇದಕ್ಕೆ ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಈಗಿನ ಸರಣಿಗಳ ಹಾಗೆ ಕಥೆ ಒಂದು ಕಂತಿನಿಂದ ಇನ್ನೊಂದಕ್ಕೆ ಹರಿಯುವುದಿಲ್ಲ. ಪ್ರತಿ ವಾರ ಹೊಸ ಗ್ರಹ, ಹೊಸ ತಾಪತ್ರಯ, ಐವತ್ತು ನಿಮಿಷದಲ್ಲಿ ಪರಿಹಾರ. ನನ್ನ ಕೇಳಿದರೆ ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಮೊದಲ ಸೀಸನ್ನಿನಲ್ಲಿ ಪಾತ್ರಗಳು ಯಾರು, ನೌಕೆ ಯಾರಿಗೆ ಸೇರಿದ್ದು ಅನ್ನುವುದೇ ಇನ್ನೂ ಗಟ್ಟಿಯಾಗುತ್ತಿತ್ತು. ಎರಡನೆಯದರಲ್ಲಿ ಕರ್ಕ್, ಸ್ಪಾಕ್, ಮೆಕಾಯ್ ಮೂವರ ಜಗಳ ಮತ್ತು ಗೆಳೆತನ ಹದಕ್ಕೆ ಬಂದಿದೆ. ಕೆಲ್ಲಿಯ ಹೆಸರು ಶುರುವಿನ ಟೈಟಲ್ಲಿಗೆ ಏರಿದ್ದೂ ಈ ಸೀಸನ್ನಿನಲ್ಲೇ.

ಎಷ್ಟು ಕಂತು? ಒಂದೊಂದು ಎಷ್ಟು ಹೊತ್ತು?

26 ಕಂತು. 1967ರ ಸೆಪ್ಟೆಂಬರ್ 15ರಿಂದ 1968ರ ಮಾರ್ಚ್ 29ರವರೆಗೆ ಪ್ರಸಾರವಾದವು. ಜಾಹೀರಾತು ಬಿಟ್ಟು ಒಂದೊಂದು ಸುಮಾರು 50 ನಿಮಿಷ. ಆಗ ಜಾಹೀರಾತು ಕಡಿಮೆ ಇತ್ತು. ಮುಂದೆ ಅಮೆರಿಕದ ಸಣ್ಣ ಸ್ಟೇಷನ್‌ಗಳು ಮರುಪ್ರಸಾರ ಮಾಡುವಾಗ ಜಾಹೀರಾತಿಗೆ ಜಾಗ ಮಾಡಲು ಕೆಲವು ನಿಮಿಷ ಕತ್ತರಿಸುತ್ತಿದ್ದವು. ಡಿವಿಡಿಯಲ್ಲಿ ಆ ತುಣುಕುಗಳೆಲ್ಲ ಇವೆ.

ಖಾನ್ ಬರೋ ಕಂತು ಯಾವ ಡಿಸ್ಕ್‌ನಲ್ಲಿದೆ?

ಯಾವುದರಲ್ಲೂ ಇಲ್ಲ. ಖಾನ್ ನೂನಿಯನ್ ಸಿಂಗ್ ಬರುವುದು ಮೊದಲ ಸೀಸನ್ನಿನ 'ಸ್ಪೇಸ್ ಸೀಡ್'ನಲ್ಲಿ. ಭಾರತದ ಮೂಲದ ಪಾತ್ರ ಅಂತ ನಮ್ಮವರು ಅದನ್ನು ಹುಡುಕುತ್ತಾರೆ. ಆದರೆ ನಟ ರಿಕಾರ್ಡೊ ಮೊಂಟಲ್‌ಬಾನ್ ಮೆಕ್ಸಿಕೋದವರು. ಕರ್ಕ್ ಮತ್ತು ನೌಕೆಯ ಸಂಪರ್ಕ ಅಧಿಕಾರಿ ಉಹುರಾ ಮುತ್ತಿಕ್ಕುವ ಹೆಸರಾಂತ ದೃಶ್ಯವೂ ಇಲ್ಲಿಲ್ಲ, ಅದು ಮೂರನೇ ಸೀಸನ್ನಿನದು. ಕೊಂಡ ಮೇಲೆ ಬೇಸರ ಆಗಬಾರದು ಅಂತ ಮೊದಲೇ ಹೇಳಿದ್ದು.

ಚಿಕ್ಕವನಿದ್ದಾಗ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ನೋಡಿದ್ದು ಇದೇನಾ?

ಹೌದು, ಇದೇ. 80ರ ದಶಕದಲ್ಲಿ ದೂರದರ್ಶನ ಮೂಲ ಸರಣಿಯನ್ನೇ ತೋರಿಸುತ್ತಿತ್ತು. ನಮ್ಮಲ್ಲಿ ನಲವತ್ತೈದು ದಾಟಿದ ಅಭಿಮಾನಿಗಳು ಬಹುಪಾಲು ಆ ಭಾನುವಾರಗಳ ಮಕ್ಕಳು. ಆ ಗುಂಗಿನಲ್ಲೇ ಮುಂದೆ 'ಸ್ಪೇಸ್ ಸಿಟಿ ಸಿಗ್ಮಾ' ಅನ್ನುವ ದೇಸಿ ಸರಣಿಯೂ ಬಂತು. ಮನೆಯಲ್ಲಿ ಕಪ್ಪು ಬಿಳುಪು ಟಿವಿ ಇದ್ದವರಿಗೆ ಡಿವಿಡಿ ಹಾಕಿದಾಗ ಮೊದಲ ಆಶ್ಚರ್ಯ ಬಣ್ಣ. ಗೋಡೆಗೆಲ್ಲ ನೇರಳೆ, ಹಸಿರು ಬೆಳಕು! ಎನ್‌ಬಿಸಿಯ ಒಡೆಯ ಕಂಪನಿ ಆರ್‌ಸಿಎ ಬಣ್ಣದ ಟಿವಿ ಮಾರುತ್ತಿದ್ದ ಕಾಲ ಅದು. ಬಣ್ಣ ಢಾಳಾಗಿ ಇದ್ದಷ್ಟೂ ಅವರಿಗೆ ಒಳ್ಳೆಯದೇ.

ಕನ್ನಡ ಸಬ್‌ಟೈಟಲ್ ಸಿಗುತ್ತಾ?

ಇಲ್ಲ. ಇಂಗ್ಲಿಷ್ ಇದೆ. ನೌಕೆಯ ಎಂಜಿನಿಯರ್ ಸ್ಕಾಟಿಯ ಸ್ಕಾಟ್ಲೆಂಡ್ ಉಚ್ಚಾರಣೆ ಬಂದಾಗ ಅದನ್ನು ಹಾಕಿಕೊಳ್ಳಿ.

## ಕಥೆ, ಪಾತ್ರ, ನಟರು

ಎಲ್ಲಾ 26 ನೋಡೋಕೆ ಪುರುಸೊತ್ತಿಲ್ಲ. ಐದೇ ಐದು ಹೇಳಿ.

'ಅಮಾಕ್ ಟೈಮ್' ಮೊದಲು. ಸೀಸನ್ ಶುರುವಾದದ್ದೇ ಇದರಿಂದ. ಭಾವನೆಯೇ ಇಲ್ಲದ ಸ್ಪಾಕ್ ಸೂಪಿನ ಬಟ್ಟಲು ಗೋಡೆಗೆ ಎಸೆಯುತ್ತಾನೆ. ಏಳು ವರ್ಷಕ್ಕೊಮ್ಮೆ ಅವನ ಜನಕ್ಕೆ ಬರುವ ಮದುವೆಯ ಹುಚ್ಚು ಅದು. ಊರಿಗೆ ಹೋಗದಿದ್ದರೆ ಸಾಯುತ್ತಾನೆ. ಬರೆದವರು ವಿಜ್ಞಾನ ಕಥೆಗಾರ ಥಿಯೊಡೋರ್ ಸ್ಟರ್ಜನ್. ಸ್ಪಾಕ್‌ನ ಊರಾದ ವಲ್ಕನ್ ಗ್ರಹವನ್ನು ನಾವು ಮೊದಲ ಸಲ ಕಾಣುವುದು ಇಲ್ಲೇ. ಕಾಳಗಕ್ಕೆ ಜೆರಾಲ್ಡ್ ಫ್ರೀಡ್ ಕೊಟ್ಟ ಸಂಗೀತ ಎಷ್ಟು ಹಿಡಿಸಿತೆಂದರೆ ಆಮೇಲೆ ಎಲ್ಲಿ ಹೊಡೆದಾಟ ಬಂದರೂ ಅದನ್ನೇ ಹಾಕಿದರು.

'ಮಿರರ್, ಮಿರರ್' ಎರಡನೆಯದು. ಜನರನ್ನು ಕ್ಷಣದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸುವ ಟ್ರಾನ್ಸ್‌ಪೋರ್ಟರ್ ಕೆಟ್ಟು ಕರ್ಕ್ ಇನ್ನೊಂದು ಲೋಕಕ್ಕೆ ಬೀಳುತ್ತಾನೆ. ಅಲ್ಲಿ ಅವನ ನೌಕೆಯಲ್ಲಿ ಬಡ್ತಿ ಸಿಗುವುದು ಮೇಲಿನವನನ್ನು ಕೊಂದು. ಅಲ್ಲಿನ ಸ್ಪಾಕ್‌ಗೆ ಗಡ್ಡ. ಗಡ್ಡ ಬಿಟ್ಟರೆ ಅದು ಕೆಟ್ಟ ಅವತಾರ ಅನ್ನುವ ತಮಾಷೆ ಹುಟ್ಟಿದ್ದು ಇಲ್ಲಿಂದ.

'ದ ಡೂಮ್ಸ್‌ಡೇ ಮಷೀನ್' ಬರೆದವರು ನಾರ್ಮನ್ ಸ್ಪಿನ್ರಾಡ್. ಗ್ರಹಗಳನ್ನೇ ನುಂಗುವ ಯಂತ್ರ, ತನ್ನ ಸಿಬ್ಬಂದಿಯನ್ನೆಲ್ಲ ಕಳೆದುಕೊಂಡು ತಲೆಕೆಟ್ಟ ಕಮೊಡೋರ್ ದರ್ಜೆಯ ಅಧಿಕಾರಿ. ವಿಲಿಯಂ ವಿಂಡಮ್ ಆ ಪಾತ್ರವನ್ನು ಸ್ವಲ್ಪ ಅತಿಯಾಗಿಯೇ ಮಾಡಿದ್ದಾರೆ, ಆದರೂ ಕಣ್ಣು ತೆಗೆಯಲು ಆಗುವುದಿಲ್ಲ. ಒಡೆದುಹೋದ ಕಾನ್ಸ್ಟೆಲೇಷನ್ ನೌಕೆ ಅಂಗಡಿಯಲ್ಲಿ ಸಿಗುವ ಎಎಂಟಿ ಕಂಪನಿಯ ಪ್ಲಾಸ್ಟಿಕ್ ಮಾದರಿ. ಅದನ್ನು ಸುಟ್ಟು ವಿರೂಪ ಮಾಡಿ ಬಳಸಿದರು.

'ದ ಟ್ರಬಲ್ ವಿತ್ ಟ್ರಿಬಲ್ಸ್' ನಾಲ್ಕನೆಯದು. ತುಪ್ಪಳದ ಉಂಡೆಗಳು ನೌಕೆ ತುಂಬಾ ಮರಿ ಹಾಕುವ ಕಥೆ. ಬರೆದ ಡೇವಿಡ್ ಜೆರಾಲ್ಡ್ ಆಗ ಇನ್ನೂ ಇಪ್ಪತ್ತರ ಹರೆಯದವರು, ಬರವಣಿಗೆಗೆ ಹೊಸಬರು. ಧಾನ್ಯದ ಕಣಜದ ಬಾಗಿಲು ತೆರೆದು ಕರ್ಕ್ ತಲೆ ಮೇಲೆ ಅವೆಲ್ಲ ಸುರಿಯುವ ದೃಶ್ಯದಲ್ಲಿ ಗಮನಿಸಿ. ರಾಶಿ ಸುರಿದ ಮೇಲೂ ಒಂದೊಂದೇ ಬಂದು ತಲೆಗೆ ಬೀಳುತ್ತಲೇ ಇರುತ್ತದೆ. ಒಳಗಿದ್ದವರಿಗೆ ಶಾಟ್ನರ್ ಕಾಣುತ್ತಿರಲಿಲ್ಲ, ಸುಮ್ನೆ ಎಸೆಯುತ್ತಿದ್ದರು.

ಐದನೆಯದಕ್ಕೆ ಜನ 'ಜರ್ನಿ ಟು ಬೇಬಲ್' ಅನ್ನುತ್ತಾರೆ. ಅದು ಸ್ಪಾಕ್‌ನ ಅಪ್ಪ ಅಮ್ಮ ಬರುವ ಕಂತು. ಅಪ್ಪನಾಗಿ ನಟಿಸಿದ ಮಾರ್ಕ್ ಲೆನಾರ್ಡ್ ನಿಮಾಯ್‌ಗಿಂತ ಆರೇಳು ವರ್ಷಕ್ಕಷ್ಟೇ ದೊಡ್ಡವರು, ನೋಡಿದರೆ ನಂಬುವುದಿಲ್ಲ. ನನ್ನ ಓಟು ಮಾತ್ರ 'ದ ಅಲ್ಟಿಮೇಟ್ ಕಂಪ್ಯೂಟರ್'ಗೆ. ನೌಕೆ ನಡೆಸಲು ಎಂ-5 ಅನ್ನುವ ಯಂತ್ರ ತರುತ್ತಾರೆ, 20 ಜನ ಸಾಕು ಅನ್ನುತ್ತಾರೆ. ತನ್ನ ಕೆಲಸ ಹೋಗುತ್ತದಾ ಅಂತ ಕರ್ಕ್ ರಾತ್ರಿ ಕೂತು ಯೋಚಿಸುತ್ತಾನೆ. ಯಂತ್ರ ಕಟ್ಟಿದ ವಿಜ್ಞಾನಿ ಅದಕ್ಕೆ ತನ್ನದೇ ಮನಸ್ಸಿನ ಅಚ್ಚು ಹಾಕಿರುತ್ತಾನೆ, ತನ್ನ ಅಳುಕು ಸಮೇತ. 1968ರ ಕಥೆ ಅಂತ ಅನ್ನಿಸುವುದೇ ಇಲ್ಲ.

ಇನ್ನೊಂದು ಮಾತು. 1968ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯ ನಾಟಕ ವಿಭಾಗದ ಅಂತಿಮ ಪಟ್ಟಿಯಲ್ಲಿದ್ದ ಐದೂ ಸ್ಟಾರ್ ಟ್ರೆಕ್ ಕಂತುಗಳೇ. ನಾಲ್ಕು ಈ ಸೀಸನ್ನಿನವು, ಮೇಲೆ ಹೇಳಿದ ಮೊದಲ ನಾಲ್ಕೇ. ಗೆದ್ದದ್ದು ಮಾತ್ರ ಮೊದಲ ಸೀಸನ್ನಿನ 'ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್'.

ಬಿಟ್ಟರೂ ನಷ್ಟ ಇಲ್ಲ ಅನ್ನೋ ಕಂತು ಯಾವುದು?

'ದಿ ಒಮೆಗಾ ಗ್ಲೋರಿ'. ದೂರದ ಗ್ರಹದಲ್ಲಿ ಅಮೆರಿಕದ ಬಾವುಟ ಸಿಗುತ್ತದೆ, ಕರ್ಕ್ ಅಮೆರಿಕದ ಸಂವಿಧಾನ ಓದಿ ಭಾಷಣ ಬಿಗಿಯುತ್ತಾನೆ. ಎರಡನೇ ಪೈಲಟ್‌ಗೆ, ಅಂದರೆ ಚಾನೆಲ್‌ಗೆ ತೋರಿಸುವ ಮಾದರಿ ಕಂತಿಗೆ ಅಂತ ಪರಿಗಣಿಸಿದ್ದ ಕಥೆಗಳಲ್ಲಿ ಇದೂ ಒಂದು. ಆಗ ಇದನ್ನು ಆರಿಸಿದ್ದರೆ ನಾವಿಂದು ಸ್ಟಾರ್ ಟ್ರೆಕ್ ಬಗ್ಗೆ ಮಾತಾಡುತ್ತಿರಲಿಲ್ಲ.

ಮಕ್ಕಳ ಜೊತೆ ಕೂತು ನೋಡಬಹುದಾ?

ಬಹುತೇಕ ನೋಡಬಹುದು. 'ಟ್ರಿಬಲ್ಸ್', 'ಐ, ಮಡ್', 'ಎ ಪೀಸ್ ಆಫ್ ದಿ ಆಕ್ಷನ್' ಮೂರೂ ನಗಿಸುತ್ತವೆ. 'ವುಲ್ಫ್ ಇನ್ ದ ಫೋಲ್ಡ್' ಮಾತ್ರ ಮೊದಲು ನೀವೊಬ್ಬರೇ ನೋಡಿ. ಹೆಂಗಸರ ಸರಣಿ ಕೊಲೆಯ ಕಥೆ. ರಕ್ತಕ್ಕಿಂತ ಅದರಲ್ಲಿ ಹೆಂಗಸರ ಬಗ್ಗೆ ಆಡುವ ಮಾತುಗಳೇ ಈಗ ಮುಜುಗರ ತರುತ್ತವೆ. 'ಕ್ಯಾಟ್ಸ್‌ಪಾ'ದಲ್ಲಿ ಮಾಟಗಾತಿ, ಅಸ್ಥಿಪಂಜರ, ಕರಿ ಬೆಕ್ಕು ಎಲ್ಲ ಇವೆ. ಆದರೆ ಹೆದರುವ ಮಗು ಸಿಗುವುದು ಕಷ್ಟ. ಹ್ಯಾಲೊವೀನ್ ವಾರಕ್ಕೆ ಅಂತಲೇ 1967ರ ಅಕ್ಟೋಬರ್ 27ರಂದು ಹಾಕಿದ್ದು.

ಆ ರಷ್ಯಾದ ಹುಡುಗ ಇದ್ದಕ್ಕಿದ್ದಂತೆ ಎಲ್ಲಿಂದ ಬಂದ? ಸುಲು ಎಲ್ಲಿ ಹೋದ?

ಎರಡೂ ಒಂದಕ್ಕೊಂದು ಅಂಟಿಕೊಂಡ ಕಥೆ. ಚೆಕೊವ್ ಪಾತ್ರವನ್ನು ತಂದದ್ದು ಹದಿಹರೆಯದ ನೋಡುಗರನ್ನು ಸೆಳೆಯಲು. ಆಗ 'ಮಂಕೀಸ್' ಅನ್ನುವ ಸಂಗೀತ ತಂಡದ ಡೇವಿ ಜೋನ್ಸ್‌ಗೆ ಹುಡುಗಿಯರು ಮುಗಿಬೀಳುತ್ತಿದ್ದರು. ಅಂಥದೊಂದು ಮುಖ ಬೇಕಿತ್ತು. ವಾಲ್ಟರ್ ಕೋನಿಗ್ ಸಿಕ್ಕರು. ಕೂದಲು ಅಷ್ಟು ಉದ್ದ ಇರಲಿಲ್ಲ, ಮೊದಲು ಚಿತ್ರೀಕರಿಸಿದ ಕಂತುಗಳಲ್ಲಿ ವಿಗ್ ಹಾಕಿದರು. ನೋಡಿದರೆ ಗೊತ್ತಾಗುತ್ತದೆ. ಸೋವಿಯತ್ ಪತ್ರಿಕೆ 'ಪ್ರಾವ್ದಾ' ದೂರಿದ್ದಕ್ಕೆ ರಷ್ಯನ್ ಪಾತ್ರ ಬಂತು ಅನ್ನುವುದು ಪ್ರಚಾರಕ್ಕೆ ಹುಟ್ಟಿದ ಕಥೆ.

ಅದೇ ಹೊತ್ತಿಗೆ ನೌಕೆ ನಡೆಸುವ ಸುಲು ಪಾತ್ರದ ಜಾರ್ಜ್ ಟಕೈ 'ದ ಗ್ರೀನ್ ಬೆರೆಟ್ಸ್' ಸಿನಿಮಾದ ಚಿತ್ರೀಕರಣದಲ್ಲಿ ಸಿಕ್ಕಿಕೊಂಡರು. ಹೀಗಾಗಿ ಹಲವು ಕಂತುಗಳಲ್ಲಿ ಅವರಿಲ್ಲ. ಅವರಿಗೆ ಬರಬೇಕಿದ್ದ ಮಾತುಗಳು ಚೆಕೊವ್‌ಗೆ ಹೋದವು. ಟಕೈಗೆ ಇದು ಬಹಳ ದಿನ ಚುಚ್ಚಿತ್ತು. ಮುಂದೆ ಇಬ್ಬರೂ ಒಳ್ಳೆಯ ಗೆಳೆಯರಾದರು.

ತಮಾಷೆ ಏನೆಂದರೆ, 1982ರ ಸಿನಿಮಾದಲ್ಲಿ ಖಾನ್ ಚೆಕೊವ್‌ನ ಮುಖ ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ಖಾನ್ ನೌಕೆಗೆ ಬಂದಿದ್ದಾಗ ಚೆಕೊವ್ ಪಾತ್ರವೇ ಹುಟ್ಟಿರಲಿಲ್ಲ!

ಬೇರೆ ಗ್ರಹ ಅಂತಾರೆ, ಹೋದರೆ ರೋಮ್ ಇರುತ್ತೆ, ಷಿಕಾಗೊ ಇರುತ್ತೆ, ಹಿಟ್ಲರ್ ಇರ್ತಾನೆ. ಯಾಕೆ ಹೀಗೆ?

ದುಡ್ಡು. ಹೊಸ ಲೋಕ ಕಟ್ಟುವುದಕ್ಕಿಂತ ಸ್ಟುಡಿಯೋದಲ್ಲಿ ಆಗಲೇ ನಿಂತಿರುವ ಷಿಕಾಗೊ ಬೀದಿ ಬಳಸುವುದು ಅಗ್ಗ. ಗೋದಾಮಿನಲ್ಲಿ ಗ್ಯಾಂಗ್‌ಸ್ಟರ್ ಕೋಟು, ರೋಮನ್ ಕವಚ, ನಾಜಿ ಸಮವಸ್ತ್ರ ಎಲ್ಲ ಇದ್ದವು. ಅದಕ್ಕೆ ತಕ್ಕ ಕಥೆ ಬರೆದರು. 'ಎ ಪೀಸ್ ಆಫ್ ದಿ ಆಕ್ಷನ್'ನಲ್ಲಿ ಈ ಬಡತನವೇ ಗೆಲುವಾಯಿತು. ಹಿಂದೆ ಬಂದ ನೌಕೆಯವರು ಬಿಟ್ಟುಹೋದ ಒಂದು ಪುಸ್ತಕ ಓದಿ ಇಡೀ ಗ್ರಹ 1920ರ ದಶಕದ ರೌಡಿಗಳ ಹಾಗೆ ಬದುಕುತ್ತಿರುತ್ತದೆ.

'ಪ್ಯಾಟರ್ನ್ಸ್ ಆಫ್ ಫೋರ್ಸ್' ನಾಜಿ ಸಮವಸ್ತ್ರದ ಕಂತು. ಜರ್ಮನಿಯ ಟಿವಿಯಲ್ಲಿ ದಶಕಗಳ ಕಾಲ ಅದನ್ನು ತೋರಿಸಲೇ ಇಲ್ಲ. ಅದರಲ್ಲಿ ಆ ಸಮವಸ್ತ್ರ ತೊಟ್ಟು ಓಡಾಡುವ ಶಾಟ್ನರ್ ಮತ್ತು ನಿಮಾಯ್ ಇಬ್ಬರೂ ಯಹೂದಿಗಳು.

ಕೆಂಪಂಗಿ ಹಾಕಿದೋರೆಲ್ಲ ಸಾಯ್ತಾರೆ ಅನ್ನೋದು ನಿಜವಾ?

'ದಿ ಆಪಲ್' ನೋಡಿ. ಕೆಂಪಂಗಿಯ ನಾಲ್ಕು ಜನ ಕಾವಲುಗಾರರು ಇಳಿಯುತ್ತಾರೆ, ನಾಲ್ಕೂ ಜನ ಹೋಗುತ್ತಾರೆ. ಒಬ್ಬನನ್ನು ಕೊಲ್ಲುವುದು ಹೂವು, ಇನ್ನೊಬ್ಬನನ್ನು ಕಲ್ಲು. ಸ್ಕಾಟಿಯದ್ದೂ ಉಹುರಾಳದ್ದೂ ಕೆಂಪಂಗಿಯೇ, ಆದರೆ ಅವರು ಮುಂದಿನ ವಾರವೂ ಬೇಕಾದವರು.

ಸ್ಪಾಕ್ ಬೆರಳು ಅಗಲಿಸಿ ಮಾಡೋ ಸನ್ನೆ ಯಾವ ಕಂತಲ್ಲಿ ಶುರುವಾಯ್ತು?

'ಅಮಾಕ್ ಟೈಮ್'ನಲ್ಲಿ. ನಿಮಾಯ್ ಬಾಸ್ಟನ್ನಿನಲ್ಲಿ ಹುಡುಗನಾಗಿದ್ದಾಗ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಕೈ ಹೀಗೆ ಹಿಡಿಯುವುದನ್ನು ಕಂಡಿದ್ದರು. ಆಗ ತಲೆ ಎತ್ತಿ ನೋಡಬಾರದು ಅನ್ನುವುದು ನಿಯಮ. ಹುಡುಗ ಕದ್ದು ನೋಡಿದ್ದ.

ಉಹುರಾ ಪಾತ್ರ ಬಿಡಬೇಕು ಅಂತಿದ್ದರಂತೆ, ಮಾರ್ಟಿನ್ ಲೂಥರ್ ಕಿಂಗ್ ತಡೆದರಂತೆ. ಹೌದಾ?

ನಿಶೆಲ್ ನಿಕೋಲ್ಸ್ ತಾವೇ ಹಲವು ಸಲ ಹೇಳಿದ ವಿಷಯ ಇದು. ಮೊದಲ ಸೀಸನ್ ಮುಗಿದಾಗ ರಂಗಭೂಮಿಗೆ ಮರಳಬೇಕು ಅಂದುಕೊಂಡಿದ್ದರು. ಒಂದು ಕಾರ್ಯಕ್ರಮದಲ್ಲಿ ಕಿಂಗ್ ಸಿಕ್ಕಿ, ತಾನೂ ಈ ಸರಣಿಯ ಅಭಿಮಾನಿ, ಬಿಡಬೇಡಿ ಅಂದರಂತೆ. ಕಪ್ಪು ಹೆಣ್ಣುಮಗಳೊಬ್ಬಳು ಅಧಿಕಾರಿಯಾಗಿ, ಸರಿಸಮಾನಳಾಗಿ ಪರದೆ ಮೇಲೆ ಕಾಣುವುದು ಎಷ್ಟು ದೊಡ್ಡದು ಅಂತ ತಿಳಿಹೇಳಿದರಂತೆ. ಹಾಗಾಗಿ ಎರಡನೇ ಸೀಸನ್ನಿನಲ್ಲಿ ಅವರಿದ್ದಾರೆ. ಬರಹಗಾರರು ಅವರಿಗೆ ಇನ್ನೂ ಜಾಸ್ತಿ ಮಾತು ಕೊಡಬೇಕಿತ್ತು ಅನ್ನುವುದು ನನ್ನ ತಕರಾರು.

## ಡಿವಿಡಿ ಕೊಳ್ಳುವ ಮುಂಚೆ

ನೀಲಿ ಡಬ್ಬಿ ಒಂದಿದೆ, 2008ರದ್ದು ಅಂತ ಇನ್ನೊಂದಿದೆ. ಯಾವುದು ತಗೊಳ್ಳಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು.

2004ರಲ್ಲಿ ಮೂರು ಸೀಸನ್ ಮೂರು ಬಣ್ಣದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದವು. ಮೊದಲನೆಯದು ಹಳದಿ, ಎರಡನೆಯದು ನೀಲಿ, ಮೂರನೆಯದು ಕೆಂಪು, ನೌಕೆಯವರ ಅಂಗಿಗಳ ಬಣ್ಣವೇ. ನೀಲಿ ಸೆಟ್ ಅಮೆರಿಕದಲ್ಲಿ ನವೆಂಬರ್ 2ರಂದು ಬಂತು, 7 ಡಿಸ್ಕ್. ಇದರಲ್ಲಿ ಇರುವುದು 1967ರಲ್ಲಿ ಜನ ನೋಡಿದ ಚಿತ್ರವೇ, ಸ್ವಚ್ಛ ಮಾಡಿದ್ದು.

2006ರಲ್ಲಿ, ಸರಣಿಗೆ 40 ವರ್ಷ ತುಂಬಿದಾಗ, ನೌಕೆ, ಗ್ರಹ, ಸ್ಫೋಟದ ದೃಶ್ಯಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡಲು ಶುರುಮಾಡಿದರು. ಶುರುವಿನ ಸಂಗೀತವನ್ನೂ ಮತ್ತೆ ನುಡಿಸಿ ಸ್ಟೀರಿಯೋದಲ್ಲಿ ಮುದ್ರಿಸಿದರು. ಆ ಹೊಸ ರೂಪ ಇರುವುದು 2008ರ ಆಗಸ್ಟ್‌ನಲ್ಲಿ ಬಂದ ಸೆಟ್ಟಿನಲ್ಲಿ. ಹಳೆಯ ಎಫೆಕ್ಟ್ ಅದರಲ್ಲಿಲ್ಲ. 2009ರ ಸೆಪ್ಟೆಂಬರ್‌ನ ಬ್ಲೂ-ರೇಯಲ್ಲಿ ಎರಡೂ ಇವೆ, ರಿಮೋಟ್ ಒತ್ತಿ ಬದಲಾಯಿಸಬಹುದು.

ಬ್ಲೂ-ರೇ ಪ್ಲೇಯರ್ ಇದ್ದರೆ ಯೋಚನೆ ಬೇಡ, ಅದನ್ನೇ ತಗೊಳ್ಳಿ. ಡಿವಿಡಿಯೇ ಆಗಬೇಕಾದರೆ ನೀಲಿ ಡಬ್ಬಿ. ಹೊಸ ಎಫೆಕ್ಟ್ ಕೆಟ್ಟದ್ದು ಅಂತಲ್ಲ. 'ಡೂಮ್ಸ್‌ಡೇ ಮಷೀನ್'ನಲ್ಲಿ ಅದು ಚೆನ್ನಾಗಿಯೇ ಇದೆ. ಆದರೆ ಗಾಳಿ ದಿಕ್ಕು ತೋರಿಸುವ ಬಟ್ಟೆ ಚೀಲವನ್ನು ಸಿಮೆಂಟಿನಲ್ಲಿ ಅದ್ದಿ ಆ ಯಂತ್ರ ಮಾಡಿದ್ದರು ಅಂತ ಸ್ಪಿನ್ರಾಡ್ ಹೇಳಿಕೊಂಡಿದ್ದಾರೆ. ಕೈಯಲ್ಲಿ ಕಾಸಿಲ್ಲದವರು ಹೇಗೆ ಬ್ರಹ್ಮಾಂಡ ತೋರಿಸಿದರು ಅನ್ನುವುದನ್ನು ನೋಡುವ ಖುಷಿಯೇ ಬೇರೆ.

ಕಂತುಗಳ ಜೊತೆ ಇನ್ನೇನು ಇದೆ ಡಿಸ್ಕ್‌ನಲ್ಲಿ?

ನೀಲಿ ಸೆಟ್ಟಿನಲ್ಲಿ ಸೀಸನ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಇದೆ. ನಿಮಾಯ್, ನಿಕೋಲ್ಸ್, ಬರಹಗಾರ್ತಿ ಡಿ.ಸಿ. ಫಾಂಟಾನ ಬಗ್ಗೆ ಬೇರೆ ಬೇರೆ ಚಿತ್ರಗಳಿವೆ. ಫಾಂಟಾನ ಅವರದ್ದನ್ನು ತಪ್ಪಿಸಬೇಡಿ. ಸ್ಪಾಕ್ ಮನೆತನದ ಕಥೆ ಕೊಟ್ಟವರು ಅವರು. 'ಅಮಾಕ್ ಟೈಮ್' ಮತ್ತು 'ಟ್ರಿಬಲ್ಸ್' ಕಂತುಗಳಿಗೆ ಮೈಕಲ್ ಮತ್ತು ಡೆನಿಸ್ ಒಕುಡಾ ದಂಪತಿಯ ಟಿಪ್ಪಣಿ ಇದೆ. ಅದು ಮಾತಲ್ಲ, ಪರದೆಯ ಮೇಲೆ ಬರಹವಾಗಿ ಬರುತ್ತದೆ. ಸಬ್‌ಟೈಟಲ್ ಮೆನುವಿನಲ್ಲಿ ಹುಡುಕಿ.

2008ರ ಸೆಟ್ಟಿಗೆ ಒಂದು ದೊಡ್ಡ ಆಕರ್ಷಣೆ ಇದೆ. ಟ್ರಿಬಲ್‌ಗಳ ಮುಂದಿನ ಕಥೆ ಹೇಳುವ 1973ರ ಕಾರ್ಟೂನ್ ಕಂತು ಮತ್ತು ಮುಂದೆ ಬಂದ ಸ್ಟಾರ್ ಟ್ರೆಕ್ ಸರಣಿ 'ಡೀಪ್ ಸ್ಪೇಸ್ ನೈನ್'ನ 1996ರ ಕಂತು ಎರಡೂ ಅದರಲ್ಲಿವೆ. ಎರಡನೆಯದರಲ್ಲಿ ಹೊಸ ನಟರನ್ನು ಹಳೆಯ ಚಿತ್ರದೊಳಗೆ ಕೂರಿಸಿದ್ದಾರೆ.

ಅಮೆರಿಕದಿಂದ ತರಿಸಿದ ಡಿಸ್ಕ್ ನಮ್ಮ ಪ್ಲೇಯರ್‌ನಲ್ಲಿ ಓಡ್ತಿಲ್ಲ. ಹಾಳಾಗಿದೆಯಾ?

ಹಾಳಾಗಿರಲಿಕ್ಕಿಲ್ಲ. ಅಮೆರಿಕದ ಡಿಸ್ಕ್ ರೀಜನ್ 1, ಭಾರತ ರೀಜನ್ 5, ಇಂಗ್ಲೆಂಡ್ ರೀಜನ್ 2. ಬೇರೆ ರೀಜನ್ ಅಂದರೆ ಪ್ಲೇಯರ್ ಬಾಗಿಲು ಹಾಕುತ್ತದೆ. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಬೇಕು. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಆಮೇಲೆ ಕೊನೆಯದೇ ಗಟ್ಟಿ. ಮಕ್ಕಳ ಕೈಗೆ ಆ ಮೆನು ಸಿಗದಂತೆ ನೋಡಿಕೊಳ್ಳಿ.

ಲಂಡನ್ನಿನಿಂದ ತಂದ ಸೆಟ್‌ನಲ್ಲಿ ಪ್ರತಿ ಕಂತೂ ಎರಡು ನಿಮಿಷ ಕಡಿಮೆ. ಕತ್ತರಿಸಿದ್ದಾರಾ?

ಇಲ್ಲ, ಓಡಿಸಿದ್ದಾರೆ. ಫಿಲ್ಮ್ ಸೆಕೆಂಡಿಗೆ 24 ಚಿತ್ರ. ಇಂಗ್ಲೆಂಡಿನ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25. ಹಾಗಾಗಿ ಎಲ್ಲವೂ ಶೇಕಡಾ 4ರಷ್ಟು ಬೇಗ ಓಡುತ್ತದೆ. 50 ನಿಮಿಷದ್ದು 48ಕ್ಕೆ ಮುಗಿಯುತ್ತದೆ, ದನಿ ಕೂಡ ಒಂಚೂರು ಕೀಚಲಾಗಬಹುದು. ಅಮೆರಿಕದ ಎನ್‌ಟಿಎಸ್‌ಸಿ ಡಿಸ್ಕ್‌ನಲ್ಲಿ ವೇಗ ಸರಿ ಇದೆ. ಆದರೆ ಅಲ್ಲಿ ಕೆಲವು ಚಿತ್ರಗಳನ್ನು ಎರಡೆರಡು ಸಲ ತೋರಿಸಿ ಲೆಕ್ಕ ಸರಿಮಾಡುತ್ತಾರೆ. ಕ್ಯಾಮರಾ ಪಕ್ಕಕ್ಕೆ ನಿಧಾನ ಸರಿಯುವಾಗ ಸಣ್ಣ ನಡುಕ ಕಂಡರೆ ಕಾರಣ ಅದು.

ಟಿವಿಯ ಎರಡೂ ಬದಿ ಕಪ್ಪು ಪಟ್ಟಿ ಬರ್ತಿದೆ, ಹೋಗಿಸೋದು ಹೇಗೆ?

ಹೋಗಿಸಬೇಡಿ. ಇದು 4:3 ಅಳತೆಯಲ್ಲಿ ತೆಗೆದ ಸರಣಿ. ಎಳೆದು ಅಗಲಿಸಿದರೆ ಕರ್ಕ್ ದಪ್ಪಗಾಗುತ್ತಾನೆ.

ಸ್ಟ್ರೀಮಿಂಗ್‌ನಲ್ಲೇ ಸಿಗುತ್ತಲ್ಲ, ಡಿಸ್ಕ್ ಯಾಕೆ?

ಅಲ್ಲಿ ಸಾಮಾನ್ಯವಾಗಿ ಸಿಗುವುದು ಹೊಸ ಎಫೆಕ್ಟ್ ಹಾಕಿದ ರೂಪ. ಹಳೆಯದು ಬೇಕೆಂದರೆ ಡಿಸ್ಕೇ ಗತಿ. ಟಿಪ್ಪಣಿ, ಸಂದರ್ಶನಗಳೂ ಅಲ್ಲಿ ಬರುವುದಿಲ್ಲ. ಹೊಸ ರೂಪವೇ ಸಾಕು ಅನ್ನುವವರು ಸುಮ್ನೆ ದುಡ್ಡು ಹಾಕಬೇಡಿ.

ಮಳೆಗಾಲ ಮುಗಿದ ಮೇಲೆ ಡಿಸ್ಕ್ ಮೇಲೆ ಬಿಳಿ ಚುಕ್ಕೆ ಬಂದಿದೆ. ಏನ್ಮಾಡ್ಲಿ?

ಮಂಗಳೂರು, ಉಡುಪಿ, ತೀರ್ಥಹಳ್ಳಿ ಕಡೆಯವರು ಕೇಳುವ ಪ್ರಶ್ನೆ. ಅದು ಬೂಷ್ಟು. ಮೇಲ್ಮೈಯಲ್ಲಿ ಮಾತ್ರ ಇದ್ದರೆ ಉಗುರುಬೆಚ್ಚನೆ ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಹಾಕಿ, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಾಕಾರವಾಗಿ ಉಜ್ಜಬೇಡಿ. ಸುತ್ತಾಗಿ ಬಿದ್ದ ಗೀರು ಒಂದೇ ಸಾಲಿನ ಮಾಹಿತಿಯನ್ನು ಉದ್ದಕ್ಕೂ ಕೆಡಿಸುತ್ತದೆ, ಪ್ಲೇಯರ್‌ಗೆ ಅದನ್ನು ಸರಿಪಡಿಸಿಕೊಳ್ಳಲು ಆಗುವುದಿಲ್ಲ. ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಮುಚ್ಚಿದ ಡಬ್ಬದಲ್ಲಿಡಿ. ಚುಕ್ಕೆ ಪ್ಲಾಸ್ಟಿಕ್ಕಿನ ಒಳಗೇ ಇದ್ದರೆ ಮಾಡುವಂಥದ್ದೇನೂ ಇಲ್ಲ.

## ಇನ್ನೂ ಒಳಕ್ಕೆ ಹೋದವರಿಗೆ

ಪ್ರಸಾರವಾದ ಕ್ರಮದಲ್ಲಿ ನೋಡಬೇಕಾ, ಚಿತ್ರೀಕರಿಸಿದ ಕ್ರಮದಲ್ಲಿ ನೋಡಬೇಕಾ?

2004ರ ಸೆಟ್ಟಿನಲ್ಲಿ ಪ್ರಸಾರದ ಕ್ರಮ ಇದೆ. ಅದಕ್ಕೂ ಮುಂಚೆ, 1999ರಿಂದ 2001ರವರೆಗೆ, ಡಿಸ್ಕ್‌ಗೆ ಎರಡು ಕಂತಿನಂತೆ 40 ಬಿಡಿ ಡಿವಿಡಿಗಳು ಬಂದಿದ್ದವು. ಅವು ಚಿತ್ರೀಕರಣದ ಕ್ರಮದಲ್ಲಿದ್ದವು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲು ಚಿತ್ರೀಕರಿಸಿದ್ದು 'ಕ್ಯಾಟ್ಸ್‌ಪಾ', ಪ್ರಸಾರವಾದದ್ದು ಏಳನೆಯದಾಗಿ. ಮೊದಲು ಪ್ರಸಾರವಾದ 'ಅಮಾಕ್ ಟೈಮ್' ಚಿತ್ರೀಕರಣದಲ್ಲಿ ಐದನೆಯದು. ಮೊದಲ ಸಲ ನೋಡುವವರಿಗೆ ಪ್ರಸಾರದ ಕ್ರಮವೇ ಚೆನ್ನ. ಎರಡನೇ ಸಲ ಚಿತ್ರೀಕರಣದ ಕ್ರಮದಲ್ಲಿ ನೋಡಿ. ಚೆಕೊವ್‌ನ ವಿಗ್ ಹೋಗುವುದು, ನಟರು ಪಾತ್ರಕ್ಕೆ ಒಗ್ಗುವುದು ಎಲ್ಲ ಸರಿಯಾದ ಸಾಲಿನಲ್ಲಿ ಕಾಣುತ್ತದೆ.

ನೌಕೆ ತೋರಿಸುವಾಗ ಮಾತ್ರ ಚಿತ್ರ ಮಸುಕಾಗುತ್ತೆ, ಮುಖ ತೋರಿಸುವಾಗ ಸರಿ ಇರುತ್ತೆ. ಡಿಸ್ಕ್ ದೋಷನಾ?

ಅಲ್ಲ. ನಟರ ದೃಶ್ಯ ಕ್ಯಾಮರಾದಲ್ಲಿ ಓಡಿದ 35 ಎಂಎಂ ನೆಗೆಟಿವ್‌ನಿಂದ ನೇರ ಬಂದದ್ದು. ನೌಕೆಯ ದೃಶ್ಯ ಹಾಗಲ್ಲ. ನೌಕೆಯನ್ನು ನೀಲಿ ಪರದೆ ಮುಂದೆ ಒಮ್ಮೆ ತೆಗೆಯಬೇಕು, ನಕ್ಷತ್ರಗಳನ್ನು ಬೇರೆ ತೆಗೆಯಬೇಕು, ಗ್ರಹವನ್ನು ಇನ್ನೊಂದು ಸಲ. ಆಮೇಲೆ ಆಪ್ಟಿಕಲ್ ಪ್ರಿಂಟರ್‌ನಲ್ಲಿ ಒಂದರ ಮೇಲೊಂದು ಇಟ್ಟು ಮತ್ತೆ ಫಿಲ್ಮಿಗೆ ತೆಗೆಯಬೇಕು. ಪ್ರತಿ ನಕಲಿಗೂ ಕಾಳು, ದೂಳು, ಗೀರು ಸೇರುತ್ತಾ ಹೋಗುತ್ತವೆ. ದುಡ್ಡು ಉಳಿಸಲು ಅದೇ ತುಣುಕನ್ನು ವಾರ ವಾರ ಬಳಸಿದರು. ಹೊಸ ಎಫೆಕ್ಟ್ ಮಾಡಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ದೊಡ್ಡ ಟಿವಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಂದಹಾಗೆ ಆ ನೌಕೆಯ 11 ಅಡಿ ಉದ್ದದ ಮೂಲ ಮಾದರಿ ಈಗ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂನಲ್ಲಿದೆ.

ಸ್ಪಾಕ್ ಹೇಳೋ ಟ್ರಿಬಲ್ ಲೆಕ್ಕ ಸರಿನಾ?

ಸರಿ ಇದೆ. ಒಂದು ಟ್ರಿಬಲ್, 12 ಗಂಟೆಗೊಮ್ಮೆ 10 ಮರಿ. ತಾಯಿಯೂ ಸೇರಿ ಪ್ರತಿ ಸಲ 11 ಪಟ್ಟು. ಮೂರು ದಿನ ಅಂದರೆ ಆರು ಸಲ. ಹನ್ನೊಂದನ್ನು ಆರು ಸಲ ಗುಣಿಸಿ: 17,71,561. ಅಷ್ಟೇ ಅವನು ಹೇಳುವುದು. ಒಂದೂ ಸಾಯಬಾರದು, ಎಲ್ಲಕ್ಕೂ ಊಟ ಸಿಗಬೇಕು ಅನ್ನುವ ಷರತ್ತು ಇದರೊಳಗೆ ಅಡಗಿದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಘಾತ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ವಿಯೆಟ್ನಾಂ ಯುದ್ಧದ ಬಗ್ಗೆ ಇರೋ ಕಂತು ಯಾವುದು? ಯುದ್ಧದ ಪರವಾ, ವಿರುದ್ಧವಾ?

'ಎ ಪ್ರೈವೇಟ್ ಲಿಟಲ್ ವಾರ್'. ಒಂದು ಗ್ರಹದ ಬುಡಕಟ್ಟಿಗೆ ಕರ್ಕ್ ಕಡೆಯವರ ಶತ್ರುಗಳಾದ ಕ್ಲಿಂಗನ್ನರು ಕೋವಿ ಕೊಡುತ್ತಾರೆ. ಇನ್ನೊಂದು ಗುಂಪಿಗೆ ತಾನೂ ಅಷ್ಟೇ ಕೋವಿ ಕೊಡುವುದೇ ದಾರಿ ಅಂತ ಕರ್ಕ್ ತೀರ್ಮಾನಿಸುತ್ತಾನೆ. ಮೆಕಾಯ್ ಕೂಗಾಡುತ್ತಾನೆ. ಪ್ರಸಾರವಾದದ್ದು 1968ರ ಫೆಬ್ರವರಿ 2ರಂದು. ವಿಯೆಟ್ನಾಂನಲ್ಲಿ ಕಮ್ಯುನಿಸ್ಟರ ದೊಡ್ಡ ಟೆಟ್ ದಾಳಿ ಶುರುವಾಗಿ ಆಗಿನ್ನೂ ಮೂರ್ನಾಲ್ಕು ದಿನ. ಕಂತು ಯುದ್ಧವನ್ನು ಸಮರ್ಥಿಸಿದ ಹಾಗೇ ಕೇಳಿಸುತ್ತದೆ, ಆದರೆ ಗೆದ್ದವರ ಮುಖ ಯಾರದ್ದೂ ಅಲ್ಲ. ನನಗೆ ಕರ್ಕ್‌ನ ವಾದ ಒಪ್ಪಿಗೆಯಾಗುವುದಿಲ್ಲ. ಆದರೆ ಆ ವಾದವನ್ನು ಅದೇ ವಾರ ಮನೆಮನೆಗೆ ತಂದ ಧೈರ್ಯ ಒಪ್ಪಲೇಬೇಕು.

ಸೀಸನ್ನಿನ ಕೊನೇ ಭಾಗ ಯಾಕೋ ಬೇರೆ ಥರ ಅನ್ನಿಸ್ತು. ನನಗೊಬ್ಬನಿಗೇನಾ?

ನಿಮಗೊಬ್ಬರಿಗೇ ಅಲ್ಲ. ನಿರ್ಮಾಪಕ ಜೀನ್ ಕೂನ್ ನಡುವೆ ಬಿಟ್ಟು ಹೋದರು, ಜಾನ್ ಮೆರೆಡಿತ್ ಲೂಕಸ್ ಬಂದರು. ಕ್ಲಿಂಗನ್ನರನ್ನು ಕೊಟ್ಟವರು ಕೂನ್. ಕರ್ಕ್, ಸ್ಪಾಕ್, ಮೆಕಾಯ್ ನಡುವಿನ ಕಚ್ಚಾಟದ ಮಾತುಗಳಿಗೆ ಹಾಸ್ಯ ತುಂಬಿದವರೂ ಅವರೇ. ಎಲ್ಲರೂ ರಾಡನ್‌ಬೆರಿ ಹೆಸರು ಹೇಳುತ್ತಾರೆ. ನ್ಯಾಯವಾಗಿ ಅರ್ಧ ಹೊಗಳಿಕೆ ಕೂನ್‌ಗೆ ಸಲ್ಲಬೇಕು. ಅದೇ ಹೊತ್ತಿಗೆ ಸರಣಿ ತಯಾರಿಸುತ್ತಿದ್ದ ಡೆಸಿಲು ಸ್ಟುಡಿಯೋ ಕೂಡ ಮಾರಾಟವಾಗಿ ಪ್ಯಾರಾಮೌಂಟ್ ಕೈ ಸೇರಿತ್ತು.

ಅಭಿಮಾನಿಗಳು ಪತ್ರ ಬರೆದು ಸರಣಿ ಉಳಿಸಿದರು ಅಂತಾರೆ. ಅದು ಈ ಸೀಸನ್ನಾ?

ಹೌದು. ಸರಣಿ ನಿಲ್ಲುತ್ತದೆ ಅನ್ನುವ ಸುದ್ದಿ ಹಬ್ಬಿದಾಗ ಬಿಜೋ ಮತ್ತು ಜಾನ್ ಟ್ರಿಂಬಲ್ ದಂಪತಿ ಪತ್ರ ಚಳವಳಿ ಹೂಡಿದರು. 1968ರ ಜನವರಿಯಲ್ಲಿ ಕ್ಯಾಲ್ಟೆಕ್ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಬರ್ಬ್ಯಾಂಕ್‌ನ ಎನ್‌ಬಿಸಿ ಕಚೇರಿಗೆ ಮೆರವಣಿಗೆ ಹೋದರು. ಲಕ್ಷ ಮೀರಿ ಪತ್ರ ಬಂದವು. ಮಾರ್ಚ್ 1ರಂದು, ಅದೂ 'ದಿ ಒಮೆಗಾ ಗ್ಲೋರಿ' ಮುಗಿದ ಕೂಡಲೇ, ಸರಣಿ ಮುಂದುವರಿಯುತ್ತದೆ ಅಂತ ಚಾನೆಲ್ ಪ್ರಕಟಿಸಿತು. ಅಷ್ಟು ಕೆಟ್ಟ ಕಂತಿನ ಹಿಂದೆಯೇ ಅಷ್ಟು ಒಳ್ಳೆಯ ಸುದ್ದಿ! ಆದರೆ ಮೂರನೇ ಸೀಸನ್ನಿಗೆ ಕೊಟ್ಟದ್ದು ಶುಕ್ರವಾರ ರಾತ್ರಿ 10 ಗಂಟೆ. ಸರಣಿಯ ಮುಖ್ಯ ನೋಡುಗರಾದ ಕಾಲೇಜು ಹುಡುಗರು ಆ ಹೊತ್ತಿಗೆ ಮನೆಯಲ್ಲಿ ಎಲ್ಲಿರುತ್ತಾರೆ? ಆ ಸೀಸನ್ನಿನೊಂದಿಗೆ ಸರಣಿ ಮುಗಿಯಿತು.

ಕೊನೇ ಕಂತು 'ಅಸೈನ್‌ಮೆಂಟ್: ಅರ್ಥ್' ಸ್ಟಾರ್ ಟ್ರೆಕ್ ಥರಾನೇ ಇಲ್ವಲ್ಲ?

ಯಾಕೆಂದರೆ ಅದು ಬೇರೆ ಸರಣಿಯ ಮಾದರಿ ಕಂತು. ಸ್ಟಾರ್ ಟ್ರೆಕ್ ನಿಂತರೆ ಇನ್ನೊಂದು ಇರಲಿ ಅಂತ ರಾಡನ್‌ಬೆರಿ ಗ್ಯಾರಿ ಸೆವೆನ್ ಅನ್ನುವ ಪಾತ್ರ ಕಟ್ಟಿದರು. ಬೇರೆ ಲೋಕದವರು ಬೆಳೆಸಿದ ಮನುಷ್ಯ, ಭೂಮಿಯನ್ನು ಅಣುಯುದ್ಧದಿಂದ ಕಾಪಾಡಲು ಬಂದವನು. ರಾಬರ್ಟ್ ಲ್ಯಾನ್ಸಿಂಗ್ ಆ ಪಾತ್ರ, ಆಗಿನ್ನೂ ಹೆಸರಾಗಿರದ ಟೆರಿ ಗಾರ್ ಅವನ ಕಾರ್ಯದರ್ಶಿ. ಕರ್ಕ್ ಮತ್ತು ಸ್ಪಾಕ್ ಹೆಚ್ಚು ಹೊತ್ತು ಸುಮ್ಮನೆ ನೋಡುತ್ತಾ ನಿಂತಿರುತ್ತಾರೆ.

ಆದರೂ ಬಿಡಬೇಡಿ. ಅದರಲ್ಲಿ ಹಾರುವ ರಾಕೆಟ್ ನಿಜವಾದ ಸ್ಯಾಟರ್ನ್ 5, ನಾಸಾದ ಚಿತ್ರ. ಕಥೆ ನಡೆಯುವುದು 1968ರಲ್ಲೇ. ಅಂದು ಒಂದು ದೊಡ್ಡ ಹತ್ಯೆ ಆಗಲಿದೆ ಅಂತ ಸ್ಪಾಕ್ ಇತಿಹಾಸ ನೆನೆದು ಹೇಳುತ್ತಾನೆ. ಕಂತು ಪ್ರಸಾರವಾಗಿ ಆರನೇ ದಿನ, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಅದೇ ದಿನ ಹಾರಿದ ಅಪೊಲೊ 6ರ ಸ್ಯಾಟರ್ನ್ ರಾಕೆಟ್‌ನಲ್ಲೂ ತೊಂದರೆ ಕಾಣಿಸಿಕೊಂಡಿತು. ಕಾಕತಾಳೀಯವೇ, ಆದರೆ ತಿಳಿದು ನೋಡಿದರೆ ಮೈ ಜುಮ್ಮೆನ್ನುತ್ತದೆ. ಗ್ಯಾರಿ ಸೆವೆನ್ ಸರಣಿಯನ್ನು ಯಾವ ಚಾನೆಲ್ಲೂ ಕೊಳ್ಳಲಿಲ್ಲ. ನೀಲಿ ಡಬ್ಬಿಯಲ್ಲಿ ಈ ಕಂತು ಏಳನೇ ಡಿಸ್ಕ್‌ನಲ್ಲಿದೆ, ಸಂದರ್ಶನಗಳ ಜೊತೆ.